ಕೂಡಲೇ

ನಾನೂ ರೈಟರ್, ಮೊಣ್ಣಪ್ಪನವರೂ ರೈಟರ್.
ನಾನು ತೋಟದ ರೈಟರ್, ಅವರು ಠಾಣೆಯ ರೈಟರ್.
ಸಿದ್ದಾಪುರದಲ್ಲಿ ಹೀಗೆಂದರೆ ಯಾರೂ ನಗುವುದಿಲ್ಲ.
ನನ್ನ ಕೈಯಲ್ಲಿ ಚೆಕ್‌ರೋಲು,
ಅವರ ಕೈಯಲ್ಲಿ ಅಸ್ವಾಭಾವಿಕ ಮರಣದ ಪುಸ್ತಕ.
ಎರಡರಲ್ಲೂ ಚಾತನಿಗೆ ಒಂದೊಂದೇ ಸಾಲು.

‘ಹೆಸರು?’
ಚಾತ.
‘ಪೂರ್ತಿ ಹೇಳಿ.’
ಪಣಿಎರವರ ಚಾತ. ನಮ್ಮ ಲೈನಿನಲ್ಲಿ ಚಾತ ಇಬ್ಬರು,
ಇವನು ಚಾತ ಎರಡು.
‘ಎರಡು ಅಂತ ಬರೆಯಲಿಕ್ಕೆ ಆಗ್ತದಾ ಮಾರಾಯ? ಅಪ್ಪನ ಹೆಸರು ಹೇಳು.’
ಕುಳಿಯ.
‘ವಯಸ್ಸು?’
ಬಾಗಿಲಾಚೆ ಕುಕ್ಕುರುಗಾಲಲ್ಲಿ ಕೂತ ಬೊಳಚಿಯನ್ನು ಕೇಳಿದೆ.
ಹಳೇ ಸೇತುವೆ ಕೊಚ್ಚಿಹೋದ ವರ್ಷ
ಅವನಿನ್ನೂ ಮೊಲೆ ಬಿಟ್ಟಿರಲಿಲ್ಲವಂತೆ.
ಮೊಣ್ಣಪ್ಪ ಕ್ಷಣ ಪೆನ್ನೆತ್ತಿ ಹಿಡಿದು
‘ಸುಮಾರು ನಲವತ್ತೈದು’ ಎಂದು ಬರೆದರು.

ಹಿಂದೆ ನೂರಾ ಎಪ್ಪತ್ನಾಲ್ಕು ಅನ್ನುತ್ತಿದ್ದರು,
ಈಗ ನೂರಾ ತೊಂಬತ್ನಾಲ್ಕು.
ಕಲಮು ಬದಲಾಯಿತು, ಸಾಯುವ ದಾರಿಗಳು ಅವೇ:
ತನ್ನ ಕೈಯಿಂದ, ಪರರ ಕೈಯಿಂದ,
ಪ್ರಾಣಿಯಿಂದ, ಯಂತ್ರದಿಂದ, ಅಪಘಾತದಿಂದ,
ಇಲ್ಲವೇ ಯಾರದೋ ಮೇಲೆ ಸಂಶಯ ಬರುವ ಹಾಗೆ.
ಅಧಿಕಾರಿಯು ಕೂಡಲೇ ಮ್ಯಾಜಿಸ್ಟ್ರೇಟರಿಗೆ ತಿಳಿಸತಕ್ಕದ್ದು.

ಬೆಳಿಗ್ಗೆ ಸಾವ್ಕಾರ್ರು ಫೋನಿನಲ್ಲಿ
ಈ ದಾರಿಗಳನ್ನೆಲ್ಲ ಒಂದೊಂದಾಗಿ ನಡೆದು ನೋಡಿದ್ದರು.
‘ಕುಡಿದಿದ್ದನಾ?’
ಇಲ್ಲ ಸಾರ್, ಹತ್ತು ಗಂಟೆಯಷ್ಟೇ.
‘ಎದೆನೋವು ಅನ್ನಬಹುದಾ?’
ಕೈ ಸುಟ್ಟಿದೆ ಸಾರ್.
ಆ ಕಡೆಯಲ್ಲಿ ಮದುವೆಯ ವಾಲಗ. ಬಹಳ ಹೊತ್ತು ಬರೀ ವಾಲಗ.
‘ಮೊನ್ನೆ ಆನೆ ಬಂದಿತ್ತಲ್ಲ, ಕೆರೆ ಹತ್ತಿರ?
ಆನೆಯಾದರೆ ಅವರ ಮನೆಗೂ ನಾಲ್ಕು ಕಾಸು ಸಿಗ್ತದೆ, ನೋಡು.’

ಆನೆ ಅಂಗೈಯಲ್ಲಿ ಬರೆ ಎಳೆಯುವುದಿಲ್ಲ.
ಸಿಲ್ವರ್ ಓಕಿನ ತುದಿಯ ಮೆಣಸಿಗೆ ಏಣಿ ಎತ್ತಿದ,
ಏಣಿ ಮೇಲಿನ ತಂತಿಗೆ ತಾಗಿತು,
ಅಷ್ಟೇ.
ಕುಕ್ಕೆ ಸೊಂಟದಲ್ಲೇ ಇತ್ತು,
ಒಂದು ಕಾಳೂ ಚೆಲ್ಲಿರಲಿಲ್ಲ.

ಫೋನು ಇಟ್ಟ ಮೇಲೆ
ಅಲ್ಯೂಮಿನಿಯಂ ಏಣಿ ಪಲ್ಪರ್ ಮನೆಯ ಹಿಂದೆ ಹೋಯಿತು.
ಅದರ ಜಾಗಕ್ಕೆ ಬಿದಿರೇಣಿ ಬಂತು.
ತಂದವರು ಯಾರೆಂದು ಕೇಳಬೇಡಿ.
ಒಂದು ತುದಿಯನ್ನು ಹಿಡಿದವನು ನಾನು.

ಅಷ್ಟರಲ್ಲಿ ಒಂದೂಕಾಲು.

ಪಂಚರು ಐದು ಜನ:
ಮೀನಿನ ಅಂಗಡಿಯ ಹಂಸ, ಜೀಪಿನ ಬೋಪಣ್ಣ,
ಇನ್ನು ಮೂವರು ಟೀ ಕುಡಿಯಲು ಬಂದು ಸಿಕ್ಕಿಬಿದ್ದವರು.
ಹೆಣದ ಸುತ್ತ ನಿಂತು
ಕಂಡದ್ದನ್ನು ಕಂಡಂತೆ ಹೇಳಿದರು:
ಎರಡೂ ಅಂಗೈಯಲ್ಲಿ ಅಡ್ಡಡ್ಡ ಕಪ್ಪು ಗೆರೆ.
ಪಕ್ಕದಲ್ಲಿ ಒಂದು ಬಿದಿರಿನ ಏಣಿ.
ಎಲ್ಲರೂ ಏಣಿಯನ್ನು ನೋಡಿದರು. ಎಲ್ಲರೂ ಸಹಿ ಹಾಕಿದರು.

ಬೊಳಚಿ ಒಬ್ಬಳೇ ಕೇಳಿದ್ದು,
ಅದೂ ನನ್ನನ್ನಲ್ಲ, ಏಣಿಯನ್ನು ಮುಟ್ಟಿ, ತನ್ನಷ್ಟಕ್ಕೆ:
ಬಿದಿರು ಸುಡ್ತದಾ?

ಈಗ ಸಂಜೆ. ಹೆಣ ವಿರಾಜಪೇಟೆಗೆ ಹೋಗಿದೆ.
ಮೊಣ್ಣಪ್ಪ ನನ್ನ ಹೇಳಿಕೆ ಓದುತ್ತಿದ್ದಾರೆ,
ಹಳೇ ದಾರಿಯಲ್ಲಿ ಗಾಡಿ ಓಡಿಸುವವರ ಹಾಗೆ, ನೋಡದೆ:
‘ವಿಷಯ ತಿಳಿದ ಕೂಡಲೇ ಠಾಣೆಗೆ ಬಂದು...’

ಸಾರ್, ಆ ಪದ ತೆಗೀರಿ.
‘ಯಾವ ಪದ?’
ಕೂಡಲೇ.
ಮೂರು ಗಂಟೆ ಅಂತ ಬರೀರಿ.
ಬಿದಿರು ಅಂತ ಇರುವಲ್ಲಿ ಅಲ್ಯೂಮಿನಿಯಂ ಅಂತ ಬರೀರಿ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.
‘ನಿನಗೆ ಮಕ್ಕಳೆಷ್ಟು?’
ಎರಡು.
‘ಮನೆ ತೋಟದ್ದೇ ಅಲ್ವಾ?’
ಹೌದು.
ಫ್ಯಾನು ತಿರುಗುತ್ತಿತ್ತು. ಕಾರ್ಬನ್ ಹಾಳೆಯ ಅಂಚು ಏಳುತ್ತಿತ್ತು, ಮಲಗುತ್ತಿತ್ತು.
ಹೊಸ ಹಾಳೆ ತೆಗೆದರು.
‘ಈ ಅಲ್ಯೂಮಿನಿಯಂ... ಲಕಾರಕ್ಕೆ ಯ ಒತ್ತೋ
ಬರೀ ಲೂ ಸಾಕೋ?’

ಗೊತ್ತಿಲ್ಲ ಸಾರ್.
ನಾನು ಇಷ್ಟು ವರ್ಷ ‘ಏಣಿ’ ಅಂತಷ್ಟೇ ಬರೆದದ್ದು.

ಚೆಕ್‌ರೋಲು ತೊಡೆಯ ಮೇಲೇ ಇದೆ.
ಅವನ ಸಾಲಿನಲ್ಲಿ ಇವತ್ತಿನ ಚೌಕ ಇನ್ನೂ ಖಾಲಿ.
ಹತ್ತು ಗಂಟೆಯವರೆಗೆ ಮಾಡಿದ ಕೆಲಸಕ್ಕೆ
ಅರ್ಧವನ್ನೂ ಹಾಕುವ ಕ್ರಮ ಇಲ್ಲ.